ಕಡಲ ಮೊಲ ತರ್ತೀರಾ? ಪಾಚಿ ಮುಗಿದ ಮೇಲೆ ಅದಕ್ಕೇನು ಊಟ ಅಂತ ಮೊದಲು ಯೋಚಿಸಿ

ಮಂಗಳೂರು: ಮನೆಯಲ್ಲಿ ಉಪ್ಪು ನೀರಿನ ರೀಫ್ ಟ್ಯಾಂಕ್ ಇಟ್ಟವರಿಗೆ ಒಂದಲ್ಲ ಒಂದು ದಿನ ಬರುವ ತಲೆನೋವು ಅಂದ್ರೆ ಕೂದಲು ಪಾಚಿ. ಕಲ್ಲಿನ ಮೇಲೆ, ಪಂಪಿನ ಮೇಲೆ, ಗಾಜಿನ ಮೂಲೆಯಲ್ಲಿ ಹಸಿರು ಕೂದಲಿನ ಹಾಗೆ ಬೆಳೆದು ನಿಲ್ಲುತ್ತೆ. ಕೈಯಲ್ಲಿ ಕಿತ್ತು ಹಾಕಿದರೂ ವಾರದೊಳಗೆ ಮತ್ತೆ ಹಾಜರ್. ಆಗ ಸಿಗುವ ಸಲಹೆ ಸಾಮಾನ್ಯವಾಗಿ ಒಂದೇ: ‘ಒಂದು ಸೀ ಹೇರ್ ತಂದು ಬಿಡಿ, ಎಲ್ಲಾ ಕ್ಲೀನ್ ಆಗುತ್ತೆ’.

ಮಾತು ಸುಳ್ಳಲ್ಲ. ಸೀ ಹೇರ್ ಅಂದ್ರೆ ಕಡಲ ಮೊಲ ಹಗಲು ರಾತ್ರಿ ಪಾಚಿ ಮೇಯುವ ಪ್ರಾಣಿ. ಬೇರೆ ಬಸವನಹುಳುಗಳು ಮುಟ್ಟದ ಉದ್ದ ಪಾಚಿಯನ್ನೂ ಬುಡಸಮೇತ ತಿಂದು ಹಾಕುತ್ತೆ. ಕೆಲವೇ ದಿನಗಳಲ್ಲಿ ಟ್ಯಾಂಕ್ ಫಳಫಳ. ಮನೆಯವರಿಗೆಲ್ಲ ಖುಷಿ. ಆದ್ರೆ ಆಮೇಲೆ ಕೆಲವು ವಾರ ಕಳೆಯುವುದರೊಳಗೆ ಕಡಲ ಮೊಲ ಸೊರಗಿ ಸತ್ತಿರುತ್ತೆ. ‘ನೀರು ಸರಿ ಹೋಗ್ಲಿಲ್ಲವೇನೋ, ರೋಗ ಬಂತೇನೋ’ ಅಂತ ಲೆಕ್ಕ ಹಾಕುವವರೇ ಹೆಚ್ಚು. ಹೆಚ್ಚಿನ ಸಲ ಕಾರಣ ತೀರಾ ಸರಳ. ಅದು ಹಸಿವಿನಿಂದ ಸತ್ತಿರುತ್ತೆ.

ಟ್ಯಾಂಕ್ ಎಷ್ಟು ಬೇಗ ಸ್ವಚ್ಛ ಆಯ್ತೋ ಅಷ್ಟು ಬೇಗ ಅದರ ಅನ್ನ ಮುಗಿಯಿತು. ಈ ಒಂದು ವಿಷಯ ತಲೆಯಲ್ಲಿದ್ರೆ ಕಡಲ ಮೊಲವನ್ನು ಉಳಿಸಿಕೊಳ್ಳುವ ಅರ್ಧ ಕೆಲಸ ಮುಗಿದ ಹಾಗೆ.

ಏನಿದು ಕಡಲ ಮೊಲ?

ಹೆಸರಲ್ಲಿ ಮೊಲ ಇದ್ರೂ ಇದು ಬಸವನಹುಳುವಿನ ಬಂಧು. ಮೈಮೇಲೆ ಹೊರಗೆ ಕಾಣುವ ಚಿಪ್ಪಿಲ್ಲ. ಇರುವ ತೆಳು ಚಿಪ್ಪು ಬೆನ್ನಿನ ಚರ್ಮದೊಳಗೆ ಅಡಗಿರುತ್ತೆ. ತಲೆಯ ಮೇಲೆ ಮೊಲದ ಕಿವಿಯಂತೆ ಎರಡು ಮೃದು ಕೊಂಬು. ಅದರಿಂದಲೇ ಈ ಹೆಸರು. ಸುಮಾರು 2 ಸಾವಿರ ವರ್ಷ ಹಿಂದೆ ರೋಮಿನ ಪ್ಲಿನಿಯೂ ಇದನ್ನು ಕಡಲ ಮೊಲ ಅಂತಲೇ ಕರೆದು, ವಿಷದ ಪ್ರಾಣಿ ಅಂತ ಬರೆದಿದ್ದ.

ಆ ಕೊಂಬುಗಳು ಕಿವಿಯಲ್ಲ, ನೀರಿನಲ್ಲಿರುವ ವಾಸನೆ ಹಿಡಿಯುವ ಅಂಗ. ಕಣ್ಣು ಇದೆ, ಆದ್ರೆ ಬೆಳಕು ಕತ್ತಲು ಗುರುತಿಸುವಷ್ಟಕ್ಕೆ ಮಾತ್ರ. ಊಟ ಹುಡುಕುವುದೆಲ್ಲ ವಾಸನೆ ಮತ್ತು ಸ್ಪರ್ಶದಿಂದಲೇ. ಬಾಯೊಳಗೆ ತುರಿಮಣೆಯಂತಹ ಹಲ್ಲಿನ ಪಟ್ಟಿ ಇದ್ದು, ಪಾಚಿಯನ್ನು ಹಿಡಿದು ಎಳೆದು ನುಂಗುತ್ತೆ.

ಅಕ್ವೇರಿಯಂ ವ್ಯಾಪಾರದಲ್ಲಿ ಹೆಚ್ಚಾಗಿ ಕಾಣುವುದು ಡೊಲಾಬೆಲ್ಲಾ ಆರಿಕ್ಯುಲೇರಿಯಾ. ಕಂದು ಹಸಿರು ಬಣ್ಣ, ಹಿಂಬದಿ ಕತ್ತರಿಸಿದಂತೆ ಚಪ್ಪಟೆ. ನೋಡಲು ಪಾಚಿ ಹಿಡಿದ ಕಲ್ಲಿನ ಹಾಗೇ. ಅಂಗಡಿಯಲ್ಲಿ ಅಂಗೈಯಷ್ಟಿರುವ ಇದು ಸಮುದ್ರದಲ್ಲಿ 40 ಸೆಂಟಿಮೀಟರ್‌ವರೆಗೂ ಬೆಳೆಯಬಲ್ಲದು. ಇನ್ನೊಂದು ಬರ್ಸಟೆಲ್ಲಾ ಲೀಚಿ. ಮೈಯೆಲ್ಲ ಹರಿದ ಬಟ್ಟೆಯಂತೆ ಎಳೆ ಎಳೆ, ಮಧ್ಯೆ ನೀಲಿ ಚುಕ್ಕಿ. ಮೂರನೆಯದು ಅಪ್ಲೀಸಿಯಾ ಗುಂಪಿನವು. ಈ ಮೂರೂ ಗುಂಪಿನ ಕಡಲ ಮೊಲಗಳು ಭಾರತದ ಸಮುದ್ರದಲ್ಲೂ ಇವೆ.

ಯಾವುದು ಅಂತ ಕೇಳಿ ತಿಳಿದುಕೊಳ್ಳುವುದು ಮುಖ್ಯ. ಯಾಕಂದ್ರೆ ಎಲ್ಲವೂ ಒಂದೇ ಊಟ ಮಾಡುವುದಿಲ್ಲ. ಡೊಲಾಬೆಲ್ಲಾ ಕೂದಲು ಪಾಚಿ ಮೇಯುತ್ತೆ. ಬರ್ಸಟೆಲ್ಲಾಗೆ ಮರಳಿನ ಮೇಲೆ ಕೂರುವ ಕೆಂಪು, ಕಂದು ಲೋಳೆ ಪದರವೇ ಹೆಚ್ಚು ಇಷ್ಟ. ಅಪ್ಲೀಸಿಯಾದಲ್ಲಿ ಹಲವು ಜಾತಿಗಳಿಗೆ ಕೆಂಪು ಕಡಲಕಳೆ ಬೇಕು. ಕೂದಲು ಪಾಚಿ ತುಂಬಿದ ಟ್ಯಾಂಕಿಗೆ ಲೋಳೆ ತಿನ್ನುವ ಜಾತಿ ತಂದು ಬಿಟ್ರೆ ಅದು ಊಟದ ಮಧ್ಯೆಯೇ ಉಪವಾಸ ಬೀಳುತ್ತೆ.

ಪಾಚಿ ಹೋಯ್ತು, ಕಾರಣ ಹೋಗಲಿಲ್ಲ

ಪಾಚಿ ಬೆಳೆಯುವುದು ನೀರಿನಲ್ಲಿ ನೈಟ್ರೇಟ್ ಮತ್ತು ಫಾಸ್ಫೇಟ್ ಇರುವುದರಿಂದ. ಮೀನಿಗೆ ಹಾಕಿದ ಹೆಚ್ಚುವರಿ ಆಹಾರ, ಮೀನಿನ ಮಲ, ಶುದ್ಧ ಮಾಡದ ನಲ್ಲಿ ನೀರು ಇವೆಲ್ಲ ಅದರ ಮೂಲ. ಕಡಲ ಮೊಲ ಪಾಚಿ ತಿಂದಾಗ ಆ ಪೋಷಕಾಂಶ ಎಲ್ಲಿಗೂ ಮಾಯ ಆಗುವುದಿಲ್ಲ. ಸ್ವಲ್ಪ ಅದರ ಮೈ ಸೇರುತ್ತೆ, ಉಳಿದದ್ದು ಹಿಕ್ಕೆಯಾಗಿ ಅದೇ ನೀರಿಗೆ ವಾಪಸ್. ಹಿಕ್ಕೆ ಕೊಳೆತರೆ ಮತ್ತೆ ಪಾಚಿಗೆ ಗೊಬ್ಬರ.

ಹಾಗಾಗಿ ಕಡಲ ಮೊಲ ಮೇಯುತ್ತಿರುವ ದಿನಗಳಲ್ಲಿ ಮನೆಯವರಿಗೂ ಕೆಲಸ ಇದೆ. ಮರಳಿನ ಮೇಲೆ ಬೀಳುವ ಹಿಕ್ಕೆಯನ್ನು ದಿನ ಬಿಟ್ಟು ದಿನ ಪೈಪಿನಲ್ಲಿ ಎಳೆದು ಹೊರಗೆ ಹಾಕಬೇಕು. ಮೀನಿಗೆ ಆಹಾರ ಕಡಿಮೆ ಮಾಡಬೇಕು. ಟ್ಯಾಂಕಿಗೆ ಹಾಕುವ ಸಿಹಿ ನೀರು ಆರ್‌ಒ ನೀರೇ ಆಗಿರಬೇಕು. ಇಷ್ಟು ಮಾಡಿದ್ರೆ ಪಾಚಿ ನಿಜವಾಗಿ ಹತೋಟಿಗೆ ಬರುತ್ತೆ. ಮಾಡದಿದ್ರೆ ಕಡಲ ಮೊಲ ಸತ್ತು ಅದರ ಮೈಯೂ ಅಲ್ಲೇ ಕೊಳೆತು, ಮೊದಲಿಗಿಂತ ಹೆಚ್ಚು ಪಾಚಿ ಬರುತ್ತೆ.

ತರುವ ಮುಂಚೆ ನೋಡಬೇಕಾದ್ದು

ಟ್ಯಾಂಕ್ ಚಿಕ್ಕದಾದಷ್ಟೂ ಪಾಚಿ ಬೇಗ ಖಾಲಿ. ಒಂದು ಡೊಲಾಬೆಲ್ಲಾಗೆ 200ರಿಂದ 300 ಲೀಟರ್ ನೀರಿರುವ ಟ್ಯಾಂಕ್ ಬೇಕು. ಅದಕ್ಕಿಂತ ಸಣ್ಣದರಲ್ಲಿ ಪಾಚಿಯನ್ನು ಕೈಯಲ್ಲಿ ಕಿತ್ತು ತೆಗೆಯುವುದೇ ಒಳ್ಳೇದು. ಹೊಸದಾಗಿ ಕಟ್ಟಿದ ಟ್ಯಾಂಕಿಗಂತೂ ಬೇಡವೇ ಬೇಡ. ಅಮೋನಿಯಾ, ನೈಟ್ರೈಟ್ ಎರಡೂ ಸೊನ್ನೆಗೆ ಬಂದು ತಿಂಗಳುಗಳು ಕಳೆದಿರಬೇಕು.

ಅಂಗಡಿಯಲ್ಲಿ ಕಡಲ ಮೊಲ ಹೇಗಿದೆ ಅಂತ ಐದು ನಿಮಿಷ ನಿಂತು ನೋಡಿ. ಗಾಜಿಗೋ ಕಲ್ಲಿಗೋ ಗಟ್ಟಿ ಅಂಟಿಕೊಂಡಿದೆಯಾ? ತಲೆ ಆಡಿಸುತ್ತಾ ಊಟ ಹುಡುಕುತ್ತಿದೆಯಾ? ಮೆಲ್ಲಗೆ ಮುಟ್ಟಿದ್ರೆ ಮುದುಡಿಕೊಳ್ಳುತ್ತಾ? ಹೌದಾದರೆ ಪರವಾಗಿಲ್ಲ. ಮೈ ಜೋತು ಬಿದ್ದು, ಪಾದ ಕಿತ್ತುಕೊಂಡು ಮಗುಚಿ ಬಿದ್ದಿದ್ರೆ ಅದು ಈಗಾಗಲೇ ಹಸಿದು ಬಸವಳಿದಿದೆ ಅಂತ ಅರ್ಥ. ಒಣಗಿದ ಕಡಲಕಳೆ ಹಾಕಿ ತಿನ್ನುತ್ತಾ ಅಂತ ತೋರಿಸಲು ಕೇಳುವುದರಲ್ಲಿ ತಪ್ಪಿಲ್ಲ.

ಹಿಡಿಯುವಾಗ ಬಲೆ ಬೇಡ. ಕಲ್ಲಿನಿಂದ ಜಗ್ಗಿದ್ರೆ ಪಾದದ ಚರ್ಮ ಹರಿಯುತ್ತೆ. ನೀರಿನೊಳಗೇ ಒಂದು ಡಬ್ಬಿ ಹಿಡಿದು, ಅಂಚಿನಿಂದ ಮೆಲ್ಲಗೆ ಜಾರಿಸಿ ಒಳಗೆ ತೆಗೆದುಕೊಳ್ಳಬೇಕು. ಮನೆಗೆ ಬಂದ ಮೇಲೆ ನೇರ ಟ್ಯಾಂಕಿಗೆ ಸುರಿಯಬಾರದು. ಏರ್ ಪಂಪಿನ ಸಣ್ಣ ಪೈಪಿಗೆ ಗಂಟು ಹಾಕಿ, ಟ್ಯಾಂಕಿನ ನೀರನ್ನು ಹನಿ ಹನಿಯಾಗಿ ಡಬ್ಬಿಗೆ ಬಿಡುತ್ತಾ ಒಂದೆರಡು ಗಂಟೆ ಹೊಂದಿಸಬೇಕು. ಉಪ್ಪಿನಂಶ ಏಕ್‌ದಂ ಬದಲಾದ್ರೆ ಈ ಮೃದು ಮೈ ತಡೆದುಕೊಳ್ಳೋದಿಲ್ಲ.

ನೀರು: ಕರಾವಳಿಯವರು ಎಲ್ಲಿ ಎಡವುತ್ತಾರೆ?

ಬೇಕಾದ ಲೆಕ್ಕ ಇಷ್ಟು: ಒಂದು ಲೀಟರಿಗೆ ಸುಮಾರು 35 ಗ್ರಾಂ ಉಪ್ಪು, ಅಂದ್ರೆ ಸಾಂದ್ರತೆ 1.025 ಆಸುಪಾಸು. ಉಷ್ಣತೆ 24ರಿಂದ 26 ಡಿಗ್ರಿ. ಪಿಎಚ್ 8.1ರಿಂದ 8.4. ಅಮೋನಿಯಾ, ನೈಟ್ರೈಟ್ ಸೊನ್ನೆ.

‘ಸಮುದ್ರ ಪಕ್ಕದಲ್ಲೇ ಇದೆ, ಒಂದು ಕ್ಯಾನ್ ನೀರು ತಂದ್ರೆ ಆಯ್ತು’ ಅನ್ನುವವರು ಎರಡು ವಿಷಯ ನೋಡಬೇಕು. ಮಳೆಗಾಲದಲ್ಲಿ ನೇತ್ರಾವತಿ, ಫಲ್ಗುಣಿ, ಸ್ವರ್ಣಾ, ಸೀತಾ ನದಿಗಳು ತುಂಬಿ ಹರಿದು ಕಡಲು ಸೇರುವಾಗ ದಡದ ನೀರಿನಲ್ಲಿ ಉಪ್ಪು ಕಡಿಮೆ, ಕೆಸರು ಹೆಚ್ಚು. ಆ ನೀರು ಟ್ಯಾಂಕಿಗೆ ಆಗೋದಿಲ್ಲ. ಅಳಿವೆ ಬಾಗಿಲು, ಬಂದರು, ದೋಣಿ ನಿಲ್ಲುವ ಜಾಗದ ನೀರಂತೂ ಯಾವ ಕಾಲದಲ್ಲೂ ಬೇಡ, ಡೀಸೆಲ್ ಎಣ್ಣೆ ಸೇರಿರುತ್ತೆ. ಇದಕ್ಕಿಂತ ಅಕ್ವೇರಿಯಂ ಉಪ್ಪನ್ನು ಆರ್‌ಒ ನೀರಿನಲ್ಲಿ ಕರಗಿಸಿಕೊಳ್ಳುವುದೇ ಸುರಕ್ಷಿತ.

ಇನ್ನೊಂದು ಏಪ್ರಿಲ್-ಮೇ ತಿಂಗಳ ಸೆಕೆ. ಮಧ್ಯಾಹ್ನ ಟ್ಯಾಂಕಿನ ನೀರು ಸುಲಭವಾಗಿ 30 ಡಿಗ್ರಿ ದಾಟುತ್ತೆ. ನೀರಿನ ಮೇಲೆ ಫ್ಯಾನ್ ಬಿಟ್ರೆ ನೀರು ಆವಿಯಾಗಿ ತಣ್ಣಗಾಗುವುದು ಹೌದು. ಆದ್ರೆ ಕರಾವಳಿಯ ಗಾಳಿಯಲ್ಲಿ ಮೊದಲೇ ತೇವ ಜಾಸ್ತಿ ಇರುವುದರಿಂದ ಆವಿಯಾಗುವುದು ಕಡಿಮೆ. ಬೆಂಗಳೂರಿನಲ್ಲಿ ಫ್ಯಾನಿನಿಂದ ಸಿಗುವಷ್ಟು ತಂಪು ಇಲ್ಲಿ ಸಿಗದು. ಚಿಲ್ಲರ್ ಇಲ್ಲದವರು ಬೇಸಿಗೆಯಲ್ಲಿ ಕಡಲ ಮೊಲ ತರದಿರುವುದೇ ಲೇಸು. ನೀರು ಬಿಸಿಯಾದಷ್ಟೂ ಅದರಲ್ಲಿ ಆಮ್ಲಜನಕ ಕಡಿಮೆ, ಪ್ರಾಣಿಗೆ ಹಸಿವು ಜಾಸ್ತಿ.

ಆವಿಯಾಗಿ ಕಡಿಮೆಯಾದ ನೀರಿನ ಜಾಗಕ್ಕೆ ಸಿಹಿ ನೀರು ಮಾತ್ರ ತುಂಬಬೇಕು. ಉಪ್ಪು ಆವಿಯಾಗುವುದಿಲ್ಲ, ಅದು ಟ್ಯಾಂಕಿನಲ್ಲೇ ಉಳಿದಿರುತ್ತೆ. ಮತ್ತೆ ಉಪ್ಪು ನೀರನ್ನೇ ಹಾಕಿದ್ರೆ ದಿನೇ ದಿನೇ ಉಪ್ಪು ಏರುತ್ತಾ ಹೋಗುತ್ತೆ.

ಮೀನಿಗೆ ಬಿಳಿ ಚುಕ್ಕಿ ರೋಗ ಬಂದಾಗ ಹಾಕುವ ಹಲವು ಔಷಧಗಳಲ್ಲಿ ತಾಮ್ರ ಇರುತ್ತೆ. ಮೀನಿಗೆ ಮದ್ದಾದ ತಾಮ್ರ ಕಡಲ ಮೊಲಕ್ಕೆ, ಸೀಗಡಿಗೆ, ಹವಳಕ್ಕೆ ವಿಷ. ಹಿಂದೆ ಯಾವಾಗಲಾದರೂ ತಾಮ್ರದ ಔಷಧ ಹಾಕಿದ ಟ್ಯಾಂಕ್ ಆಗಿದ್ರೆ ಪರೀಕ್ಷೆ ಮಾಡಿಸದೆ ಇದನ್ನು ಬಿಡಬೇಡಿ.

ಪಂಪೇ ಯಮ

ಹಸಿವಿನ ನಂತರ ಕಡಲ ಮೊಲವನ್ನು ಕೊಲ್ಲುವುದು ಪಂಪ್. ಇದು ರಾತ್ರಿಯಿಡೀ ಗಾಜು ಹತ್ತಿ ಇಳಿದು ತಿರುಗುವ ಪ್ರಾಣಿ. ಪಂಪ್ ಯಾವುದು, ಕಲ್ಲು ಯಾವುದು ಅಂತ ಕಣ್ಣಿಗೆ ತಿಳಿಯುವುದಿಲ್ಲ. ಅಲೆ ಎಬ್ಬಿಸುವ ಪಂಪಿನ ಹತ್ತಿರ ಹೋದ್ರೆ ಮೃದು ಮೈ ಒಳಗೆ ಸೆಳೆದುಕೊಂಡು ಚೂರಾಗುತ್ತೆ. ಬೆಳಗ್ಗೆ ಎದ್ದು ನೋಡಿದ್ರೆ ಪ್ರಾಣಿಯೂ ಇಲ್ಲ, ಟ್ಯಾಂಕೆಲ್ಲ ನೇರಳೆ.

ಪರಿಹಾರ ಕಷ್ಟದ್ದೇನಲ್ಲ. ನೀರು ಎಳೆಯುವ ಪ್ರತಿ ಬಾಯಿಗೂ ಒರಟು ಸ್ಪಂಜು ಅಥವಾ ಪ್ಲಾಸ್ಟಿಕ್ ಜಾಲರಿ ಕಟ್ಟಬೇಕು. ಲೋಹದ ಜಾಲರಿ ಬೇಡ, ಉಪ್ಪು ನೀರಿಗೆ ತುಕ್ಕು ಹಿಡಿಯುತ್ತೆ. ಸ್ಪಂಜನ್ನು ವಾರಕ್ಕೆರಡು ಸಲ ತೊಳೆಯದಿದ್ರೆ ಕಸ ಕಟ್ಟಿ ನೀರಿನ ಓಟ ನಿಲ್ಲುತ್ತೆ. ನೀರು ಉಕ್ಕಿ ಕೆಳಗಿನ ಟ್ಯಾಂಕಿಗೆ ಇಳಿಯುವ ಬಾಯಿಗೂ ಜಾಲರಿ ಬೇಕು.

ಜೊತೆಗಾರರನ್ನೂ ನೋಡಿಕೊಳ್ಳಬೇಕು. ಟ್ರಿಗರ್ ಮೀನು, ಪಫರ್ ಮೀನು, ದೊಡ್ಡ ಏಡಿ ಇರುವ ಟ್ಯಾಂಕಿನಲ್ಲಿ ಇದರ ಆಟ ನಡೆಯದು. ಕುಟುಕುವ ಕಡಲ ಹೂವು ಅಂದ್ರೆ ಅನಿಮೋನ್ ಮೇಲೆ ಹತ್ತಿದ್ರೂ ಕಷ್ಟವೇ.

ನೇರಳೆ ಶಾಯಿ ಬಿಟ್ರೆ ಏನು ಮಾಡಬೇಕು?

ಹೆದರಿದಾಗ, ಗಾಯವಾದಾಗ ಕಡಲ ಮೊಲ ನೇರಳೆ ಬಣ್ಣದ ಶಾಯಿ ಕಾರುತ್ತೆ. ಅಪ್ಲೀಸಿಯಾಗಳು ಈ ಬಣ್ಣವನ್ನು ತಾವೇ ತಯಾರಿಸುವುದಿಲ್ಲ, ತಿಂದ ಕೆಂಪು ಕಡಲಕಳೆಯ ವರ್ಣದ್ರವ್ಯದಿಂದ ಪಡೆಯುತ್ತವೆ. ಬರೀ ಹಸಿರು ಕಳೆ ತಿನ್ನಿಸಿ ಸಾಕಿದ ಅಪ್ಲೀಸಿಯಾಗೆ ಶಾಯಿಯೇ ಇರುವುದಿಲ್ಲ ಅಂತ ಪ್ರಯೋಗಾಲಯಗಳಲ್ಲಿ ಕಂಡುಕೊಂಡಿದ್ದಾರೆ.

ಶಾಯಿಯ ಜೊತೆ ಇನ್ನೊಂದು ಗ್ರಂಥಿಯಿಂದ ಬಿಳಿ ಅಂಟು ದ್ರವವೂ ಬರುತ್ತೆ. ಎರಡೂ ಬೆರೆತಾಗ ರಾಸಾಯನಿಕ ಕ್ರಿಯೆ ನಡೆದು ಹೈಡ್ರೋಜನ್ ಪೆರಾಕ್ಸೈಡ್ ಹುಟ್ಟುತ್ತೆ. ಹತ್ತಿರ ಬಂದ ಶತ್ರುವಿಗೆ ಅದು ತಡೆಯಲಾಗದು. ವಿಶಾಲ ಸಮುದ್ರದಲ್ಲಿ ಈ ಶಾಯಿ ಕ್ಷಣದಲ್ಲಿ ಚದುರಿ ಹೋಗುತ್ತೆ. ನಾಲ್ಕು ಗಾಜಿನ ನಡುವೆ ಚದುರಲು ಜಾಗ ಎಲ್ಲಿದೆ? ಹೆಚ್ಚು ಶಾಯಿ ಬಿದ್ರೆ ಮೀನುಗಳು ಮೇಲೆ ಬಂದು ಬಾಯಿ ಬಿಡುತ್ತವೆ, ಸಾಯುವುದೂ ಉಂಟು.

ಶಾಯಿ ಕಂಡ ತಕ್ಷಣ ಮಾಡಬೇಕಾದ್ದು ಇಷ್ಟು. ಕಡಲ ಮೊಲವನ್ನು ಡಬ್ಬಿಯಲ್ಲಿ ತೆಗೆದು ಬೇರೆ ಉಪ್ಪು ನೀರಿಗೆ ಬಿಡಿ. ಏರ್ ಪಂಪ್ ಜೋರು ಮಾಡಿ. ಹೊಸ ಆಕ್ಟಿವೇಟೆಡ್ ಕಾರ್ಬನ್ ಹಾಕಿ, ಸ್ಕಿಮ್ಮರ್ ಓಡಲಿ. ಕಾಲು ಭಾಗದಷ್ಟು ನೀರು ಬದಲಿಸಿ, ಬಣ್ಣ ಇಳಿಯದಿದ್ರೆ ಮತ್ತೆ ಬದಲಿಸಿ. ಇದಕ್ಕೆ ಬೇಕಾದ ಉಪ್ಪು ನೀರು ಮತ್ತು ಕಾರ್ಬನ್ ಮನೆಯಲ್ಲಿ ಮೊದಲೇ ಇರಬೇಕು. ರಾತ್ರಿ 11 ಗಂಟೆಗೆ ಅಂಗಡಿ ತೆರೆದಿರೋದಿಲ್ಲ.

ಮಳೆಗಾಲದಲ್ಲಿ ಕರೆಂಟ್ ಹೋಗಿ ಗಂಟೆಗಟ್ಟಲೆ ಬಾರದ ಊರಿನವರು ಬ್ಯಾಟರಿಯ ಏರ್ ಪಂಪ್ ಇಟ್ಟುಕೊಂಡಿರಲಿ. ನೀರು ಕದಲದೆ ನಿಂತ್ರೆ ಎಲ್ಲಕ್ಕಿಂತ ಮೊದಲು ಬಳಲುವವುಗಳಲ್ಲಿ ಕಡಲ ಮೊಲವೂ ಒಂದು.

ಊಟದ ವ್ಯವಸ್ಥೆ

ಪಾಚಿ ಅರ್ಧ ಮುಗಿದಾಗಲೇ ಬೇರೆ ಆಹಾರ ಅಭ್ಯಾಸ ಮಾಡಿಸಬೇಕು. ಪೂರ್ತಿ ಖಾಲಿಯಾಗುವ ತನಕ ಕಾದರೆ ತಡವಾಯಿತು. ಸುಲಭದ ದಾರಿ ಅಂದ್ರೆ ನೋರಿ, ಅಂದ್ರೆ ಒಣಗಿಸಿದ ಕಡಲಕಳೆಯ ಹಾಳೆ. ಉಪ್ಪು, ಎಣ್ಣೆ, ಮಸಾಲೆ ಹಾಕದ್ದೇ ಆಗಬೇಕು. ತೇಲುವ ತುಂಡು ಇದಕ್ಕೆ ಸಿಗುವುದಿಲ್ಲ. ಒಂದು ಕಲ್ಲಿಗೆ ರಬ್ಬರ್ ಬ್ಯಾಂಡಿನಲ್ಲಿ ಸುತ್ತಿ, ಕಡಲ ಮೊಲದ ಮೂತಿ ಮುಂದೆಯೇ ಇಡಬೇಕು. ಸಂಜೆ ಇಟ್ಟು ಬೆಳಗ್ಗೆ ಉಳಿದದ್ದನ್ನು ತೆಗೆಯಬೇಕು. ಕೆಲವು ಒಂದೇ ದಿನದಲ್ಲಿ ಒಗ್ಗುತ್ತವೆ. ಕೆಲವು ಮೂಸಿಯೂ ನೋಡುವುದಿಲ್ಲ.

ತಾಜಾ ಕಡಲಕಳೆಯಾದರೆ ಇನ್ನೂ ಒಳ್ಳೇದು. ಲೆಟ್ಯೂಸ್ ಎಲೆಯಂತಿರುವ ಹಸಿರು ಉಲ್ವಾ, ಕೆಂಪು ಗ್ರಾಸಿಲೇರಿಯಾ ನಮ್ಮ ಕರಾವಳಿಯ ಬಂಡೆಗಳ ಮೇಲೂ ಬೆಳೆಯುತ್ತವೆ. ಚರಂಡಿ ಸೇರುವ ಕಡೆಯದ್ದು, ಬಂದರಿನ ಗೋಡೆಯದ್ದು ಬೇಡ. ತಂದದ್ದನ್ನು ಉಪ್ಪು ನೀರಿನಲ್ಲಿ ಚೆನ್ನಾಗಿ ತೊಳೆದು, ಏಡಿ ಮರಿ, ಹುಳ ಇದೆಯಾ ಅಂತ ನೋಡಿಯೇ ಹಾಕಬೇಕು.

ಕೆಳಗಿನ ಟ್ಯಾಂಕಿನಲ್ಲಿ ಲೈಟ್ ಹಾಕಿ ಕಡಲಕಳೆ ಬೆಳೆಸುವವರಿಗೆ ಎರಡು ಲಾಭ. ಕಳೆ ನೀರಿನ ನೈಟ್ರೇಟ್ ಹೀರುತ್ತೆ, ಹೆಚ್ಚಾದ ಕಳೆ ಕಡಲ ಮೊಲಕ್ಕೆ ಊಟ. ಸೌತೆಕಾಯಿ, ಪಾಲಕ್ ಸೊಪ್ಪಿನಿಂದ ಮಾತ್ರ ಇದರ ಹೊಟ್ಟೆ ತುಂಬಿಸಬಹುದು ಅಂದುಕೊಳ್ಳಬೇಡಿ.

ಯಾವುದನ್ನೂ ತಿನ್ನದಿದ್ರೆ? ಪಾಚಿ ಇರುವ ಇನ್ನೊಬ್ಬರ ಟ್ಯಾಂಕಿಗೆ ಕೊಡುವುದೇ ಸರಿಯಾದ ದಾರಿ. ರೀಫ್ ಟ್ಯಾಂಕ್ ಇಟ್ಟವರು ಒಬ್ಬರಿಗೊಬ್ಬರು ಪರಿಚಯ ಇದ್ರೆ ಒಂದೇ ಕಡಲ ಮೊಲ ನಾಲ್ಕು ಮನೆ ಸುತ್ತಬಹುದು. ಪಾಚಿಯೂ ಹೋಗುತ್ತೆ, ಪ್ರಾಣಿಯೂ ಉಳಿಯುತ್ತೆ. ಕೊಳ್ಳುವಾಗಲೇ ‘ಕೆಲಸ ಮುಗಿದ ಮೇಲೆ ವಾಪಸ್ ತಗೊಳ್ತೀರಾ’ ಅಂತ ಅಂಗಡಿಯಲ್ಲಿ ಕೇಳಿಟ್ಟುಕೊಂಡ್ರೆ ಇನ್ನೂ ಅನುಕೂಲ.

ಆಯಸ್ಸೇ ಗಿಡ್ಡ

ಎಲ್ಲ ಸರಿಯಾಗಿ ನೋಡಿಕೊಂಡ್ರೂ ಕಡಲ ಮೊಲ ವರ್ಷಾನುಗಟ್ಟಲೆ ಬಾಳುವ ಪ್ರಾಣಿಯಲ್ಲ. ಪ್ರಯೋಗಾಲಯಗಳಲ್ಲಿ ಸಾಕುವ ಅಪ್ಲೀಸಿಯಾ ಕ್ಯಾಲಿಫೋರ್ನಿಕಾದ ಆಯಸ್ಸು ಸುಮಾರು ಒಂದು ವರ್ಷ. ಅಂಗಡಿಯಲ್ಲಿ ದೊಡ್ಡದು ಸಿಕ್ಕಿತು ಅಂತ ತಂದ್ರೆ ಅದರ ಬಾಳಿನ ಬಹುಪಾಲು ಆಗಲೇ ಕಳೆದಿರಬಹುದು. ಸಣ್ಣದನ್ನೇ ಆರಿಸುವುದು ಜಾಣತನ.

ಒಂದೇ ಪ್ರಾಣಿಯಲ್ಲಿ ಗಂಡು, ಹೆಣ್ಣು ಎರಡೂ ಅಂಗ ಇರುತ್ತೆ. ಶ್ಯಾವಿಗೆಯ ಗೊಂಚಲಿನಂತೆ ಕಾಣುವ ಮೊಟ್ಟೆ ಎಳೆಗಳನ್ನು ಕಲ್ಲಿನ ಮೇಲೆ ಇಡುತ್ತೆ. ಮರಿ ಆಗುತ್ತೆ ಅಂತ ಆಸೆ ಬೇಡ. ಒಡೆದು ಬರುವ ಲಾರ್ವಾಗಳು ವಾರಗಟ್ಟಲೆ ನೀರಿನಲ್ಲಿ ತೇಲುತ್ತಾ ಸೂಕ್ಷ್ಮ ಪಾಚಿ ತಿಂದು ಬೆಳೆಯಬೇಕು. ಮನೆ ಟ್ಯಾಂಕಿನ ಪಂಪು, ಫಿಲ್ಟರು ಅವನ್ನು ಉಳಿಸುವುದಿಲ್ಲ. ಅಮೆರಿಕದ ಮಯಾಮಿ ವಿಶ್ವವಿದ್ಯಾಲಯದಲ್ಲಿ ಸಂಶೋಧನೆಗಾಗಿ ಅಪ್ಲೀಸಿಯಾ ಸಾಕುವ ಪ್ರತ್ಯೇಕ ಕೇಂದ್ರವೇ ಇದೆ. ಮನೆಗೆ ಬರುವ ಕಡಲ ಮೊಲಗಳು ಸಾಮಾನ್ಯವಾಗಿ ಸಮುದ್ರದಿಂದಲೇ ಹಿಡಿದು ತಂದವು. ಒಂದು ಸತ್ತರೆ ಇನ್ನೊಂದು ತರುವುದು ಅಂದ್ರೆ ಕಡಲಿನಿಂದ ಇನ್ನೊಂದು ಜೀವ ಕಡಿಮೆ ಆಗುವುದು.

ನೊಬೆಲ್ ತಂದುಕೊಟ್ಟ ಹುಳು

ಇದನ್ನು ಬರೀ ಪಾಚಿ ತಿನ್ನುವ ಹುಳು ಅಂತ ನೋಡುವವರಿಗೆ ಒಂದು ಮಾತು. ನೆನಪು ಅನ್ನೋದು ಮಿದುಳಿನಲ್ಲಿ ಹೇಗೆ ಕೂರುತ್ತೆ ಅಂತ ಮನುಷ್ಯರಿಗೆ ತಿಳಿಸಿಕೊಟ್ಟದ್ದು ಇದೇ ಪ್ರಾಣಿ. ಅಪ್ಲೀಸಿಯಾದ ನರಮಂಡಲದಲ್ಲಿ ಸುಮಾರು 20 ಸಾವಿರ ನರಕೋಶಗಳು ಮಾತ್ರ. ಕೆಲವು ಬರಿಗಣ್ಣಿಗೇ ಕಾಣುವಷ್ಟು ದೊಡ್ಡವು. ಮುಟ್ಟಿದಾಗ ಕಿವಿರು ಒಳಗೆಳೆದುಕೊಳ್ಳುವ ಅದರ ಅಭ್ಯಾಸವನ್ನೇ ವರ್ಷಗಟ್ಟಲೆ ಅಧ್ಯಯನ ಮಾಡಿದ ಎರಿಕ್ ಕ್ಯಾಂಡೆಲ್ 2000ನೇ ಇಸವಿಯ ವೈದ್ಯಕೀಯ ನೊಬೆಲ್ ಪ್ರಶಸ್ತಿಯನ್ನು ಇಬ್ಬರ ಜೊತೆ ಹಂಚಿಕೊಂಡರು.

ಡೊಲಾಬೆಲ್ಲಾದ ಕಥೆಯೂ ಸಣ್ಣದಲ್ಲ. ಹಿಂದೂ ಮಹಾಸಾಗರದ ಡೊಲಾಬೆಲ್ಲಾದಿಂದ ಬೇರ್ಪಡಿಸಿದ ಡೊಲಾಸ್ಟಾಟಿನ್ 10 ಎಂಬ ವಸ್ತುವಿನ ವಿವರ 1987ರಲ್ಲಿ ಹೊರಬಂತು. ಅದರ ಮಾದರಿಯಲ್ಲಿ ತಯಾರಿಸಿದ ವಸ್ತು ಸೇರಿಸಿದ ಕ್ಯಾನ್ಸರ್ ಔಷಧ ಬ್ರೆಂಟಕ್ಸಿಮ್ಯಾಬ್ ವೆಡೋಟಿನ್‌ಗೆ 2011ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿತು. ಆ ಮೂಲವಸ್ತು ಕಡಲ ಮೊಲದ್ದಲ್ಲ, ಅದು ತಿನ್ನುವ ಸೈನೋಬ್ಯಾಕ್ಟೀರಿಯಾದ್ದು ಅಂತ ಆಮೇಲೆ ತಿಳಿಯಿತು. ಏನು ತಿನ್ನುತ್ತೋ ಅದೇ ಇದರ ಬಲ ಅನ್ನೋದಕ್ಕೆ ಇದಕ್ಕಿಂತ ಸಾಕ್ಷಿ ಬೇಡ.

ಕಾನೂನೂ ನೆನಪಿರಲಿ

ರೀಫ್ ಕಟ್ಟುವ ಹವಳಗಳು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಒಂದನೇ ಅನುಸೂಚಿಯಲ್ಲಿವೆ. ಮುರುಡೇಶ್ವರದ ಆಚೆ ನೇತ್ರಾಣಿ ದ್ವೀಪದ ಸುತ್ತ ಇರುವ ಹವಳವನ್ನು ಟ್ಯಾಂಕಿಗೆ ಅಂತ ಕಿತ್ತು ತರುವುದು ಅಪರಾಧ. ಟ್ಯಾಂಕಿನ ಅಲಂಕಾರಕ್ಕೆ ಕೃತಕ ಕಲ್ಲು ಸಿಗುತ್ತೆ, ಕಡಲ ಮೊಲಕ್ಕೆ ಮೇಯಲು ಅದೂ ಸಾಕು. ಹಾಗೆಯೇ ‘ಇನ್ನು ಸಾಕಲಾಗದು’ ಅಂತ ಟ್ಯಾಂಕಿನ ಪ್ರಾಣಿಯನ್ನು ತಂದು ಸಮುದ್ರಕ್ಕೆ ಬಿಡಲೂ ಬಾರದು. ಬೇರೆ ಕಡೆಯಿಂದ ಬಂದ ಪ್ರಾಣಿಯ ಜೊತೆ ರೋಗವೂ ಪರೋಪಜೀವಿಯೂ ಬರುತ್ತವೆ.

ಚುಟುಕಾಗಿ

• ಯಾವ ಜಾತಿ, ಏನು ತಿನ್ನುತ್ತೆ ಅಂತ ಕೇಳಿಯೇ ಕೊಳ್ಳಿ.
• ಒಂದು ಟ್ಯಾಂಕಿಗೆ ಒಂದೇ. 200 ಲೀಟರಿಗಿಂತ ಸಣ್ಣ ಟ್ಯಾಂಕಿಗೆ ಬೇಡ.
• ಎಲ್ಲ ಪಂಪಿನ ಬಾಯಿಗೆ ಸ್ಪಂಜು ಅಥವಾ ಪ್ಲಾಸ್ಟಿಕ್ ಜಾಲರಿ.
• ತಾಮ್ರದ ಔಷಧ ಹಾಕಿದ ನೀರಿಗೆ ಬಿಡಬೇಡಿ.
• ಕಾರ್ಬನ್, ಕಾಲು ಟ್ಯಾಂಕಿನಷ್ಟು ಉಪ್ಪು ನೀರು ಸದಾ ಸಿದ್ಧ ಇರಲಿ.
• ಪಾಚಿ ಅರ್ಧ ಆದಾಗಲೇ ನೋರಿ ಶುರು ಮಾಡಿ. ತಿನ್ನದಿದ್ರೆ ಪಾಚಿ ಇರುವವರಿಗೆ ಕೊಡಿ.
• ಅಲುಗಾಡದೆ ಬಿದ್ದಿದ್ರೆ ಮುಟ್ಟಿ ನೋಡಿ. ಸತ್ತಿದ್ರೆ ಕೂಡಲೇ ತೆಗೆಯಿರಿ, ಅಮೋನಿಯಾ ಏರಿ ಉಳಿದವೂ ಸಾಯಬಹುದು.

ಒಂದಿಷ್ಟು ಪಾಚಿ ಟ್ಯಾಂಕಿನ ಮೂಲೆಯಲ್ಲಿ ಉಳಿದಿದ್ರೆ ನೋಡಲು ಅಷ್ಟು ಚಂದ ಇರಲಿಕ್ಕಿಲ್ಲ. ಆದ್ರೆ ಕಡಲ ಮೊಲ ಸಾಕುವ ಮನೆಯಲ್ಲಿ ಆ ಮೂಲೆಯೇ ಅದರ ನಾಳೆಯ ಊಟ.